ಮೀನಲ್ಲ

ಅಂಗೈಯಗಲದ ರಾಡಾರ್, ಕ್ಯಾಮೆರಾ ಹೊತ್ತ ಡ್ರೋನ್‌ಗಳು ಬಂದ ಮೇಲೆ ಮೀನುಗಾರರು ಕಡಲನ್ನು ನೋಡುವುದನ್ನೇ ಬಿಟ್ಟಿದ್ದರು. ದೋಣಿಯಲ್ಲಿದ್ದ ಪರದೆ ಎಲ್ಲಿ ಮೀನಿದೆ ಎನ್ನುತ್ತದೋ ಅಲ್ಲಿಗೆ ಓಡುತ್ತಿದ್ದರು.

ಬಂದರಿನ ಡ್ರೋನ್ ಕೋಣೆಯಲ್ಲಿ ನಿಂತು ವನಜ ಅಂಥದೇ ಪರದೆಯನ್ನು ದುರುಗುಟ್ಟಿ ನೋಡಿದಳು. ಬೆಳಗಿನಿಂದ ಕಾಣೆಯಾಗಿದ್ದ ತಮ್ಮ ಶೀನ ಮಗುಚಿದ ದೋಣಿಗೆ ಜೋತುಬಿದ್ದು ಕೈಬೀಸುತ್ತಿದ್ದ. ಅವನ ಅಂಗಿಯ ಹರಕೂ ಸ್ಪಷ್ಟವಾಗಿತ್ತು. ಕೆಳಗೆ ಯಂತ್ರ ಬರೆದಿತ್ತು: 'ಮೀನಲ್ಲ.'

"ಇದನ್ನು ನೋಡಿಯೂ ಸುಮ್ಮನೆ ಕೂತಿದ್ದೀಯಾ?"

"ಇಲ್ಲ ಅಕ್ಕಾ," ಎಂದ ಡ್ರೋನ್ ನಡೆಸುವ ರಿತೇಶ. "ರಕ್ಷಣಾ ದೋಣಿ ಸಂಜೆಗೆ ಬರುತ್ತದಂತೆ."

"ಹೆಣ ಹೆಕ್ಕಲಿಕ್ಕಾ? ಹತ್ತಿರದಲ್ಲೇ ನಮ್ಮವರ ದೋಣಿಗಳಿಲ್ಲವಾ?"

"ವೈರ್‌ಲೆಸ್‌ನಲ್ಲಿ ಕೂಗಿ ಕೂಗಿ ಸಾಕಾಯಿತು. ಮೀನು ಹಿಡಿಯುವ ಹೊತ್ತಿಗೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಪರದೆಯಲ್ಲಿ ಮೀನಿನ ಗುರುತು ಮಾತ್ರ ನೋಡುತ್ತಾರೆ."

ವನಜಳ ಮೈಯೆಲ್ಲ ಉರಿಯಿತು. 'ಮೀನಲ್ಲ' ಎಂಬ ಅಕ್ಷರಗಳ ಮೇಲೆ ಬೆರಳು ಕುಟ್ಟಿದಳು.

"ಅಳಿಸು ಇದನ್ನು. ಬಂಗುಡೆ ಅಂತ ಬರಿ. ದೊಡ್ಡ ಹಿಂಡು ಅಂತ ಬರಿ!"

"ಅಕ್ಕಾ, ನನ್ನ ಕೆಲಸ ಹೋಗುತ್ತದೆ!"

"ನನ್ನ ತಮ್ಮ ಹೋಗ್ತಾನೆ ಮಾರಾಯ!"

ರಿತೇಶ ಬರೆದು ಎಲ್ಲ ದೋಣಿಗಳ ಪರದೆಗೂ ಕಳಿಸಿದ. ಪರದೆಯಲ್ಲಿ ಚದುರಿದ್ದ ದೋಣಿಗಳೆಲ್ಲ ಒಮ್ಮೆಲೇ ದಿಕ್ಕು ಬದಲಿಸಿ, ಒಂದನ್ನೊಂದು ಹಿಂದಿಕ್ಕುತ್ತ ಶೀನನತ್ತ ನುಗ್ಗಿದವು.

"ಈಗ ಕಂಡ ನೋಡು ಎಲ್ಲರ ಕಣ್ಣಿಗೂ," ಎಂದು ವನಜ ಹಲ್ಲು ಕಡಿದಳು.