ಪೆಟ್ಟು ತಿಂದ ಹಲ್ಲು

ಐವತ್ತು ದಾಟಿದ ಆ ಹೆಂಗಸಿನ ಮುಂದಿನ ಹಲ್ಲು ಹುಳುಕಾಗಿರಲಿಲ್ಲ. ಪೆಟ್ಟು ಬಿದ್ದು ಒಳಗೇ ಸತ್ತಿತ್ತು. ಎಕ್ಸ್‌ರೇ ನೋಡಿದೊಡನೆ ದಂತವೈದ್ಯೆ ವಿಮಲಾಕ್ಷಿಗೆ ಅದು ತಿಳಿಯಿತು.

“ಹೇಗಾಯ್ತಮ್ಮ ಇದು?”

“ಬಚ್ಚಲಲ್ಲಿ ಜಾರಿ ಬಿದ್ಲು,” ಎಂದು ಉತ್ತರಿಸಿದವನು ಗಂಡ. ಅವನು ಕುರ್ಚಿಗೆ ಅಂಟಿಕೊಂಡೇ ನಿಂತಿದ್ದ. ಹಿಡಿದ ಅವಳ ಕೈಯನ್ನು ಬಿಟ್ಟಿರಲಿಲ್ಲ. ಇಂಥ ಗಂಡಂದಿರನ್ನು ವಿಮಲಾಕ್ಷಿ ಬಹಳ ನೋಡಿದ್ದಳು.

ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿದು, ಹಲ್ಲನ್ನು ಕೊರೆದು, ಸಿರಿಂಜಿನಿಂದ ಬೇರಿನೊಳಕ್ಕೆ ಔಷಧದ ನೀರು ಬಿಡತೊಡಗಿದಳು. ಬ್ಲೀಚಿಂಗ್ ಪೌಡರಿನಂಥ ಘಾಟು ಕೋಣೆ ತುಂಬಿತು.

“ಏನದು?” ಗಂಡ ಕೇಳಿದ.

“ಸೂಜಿ ತಲುಪದ ಸಂದೀಲಿ ಕೊಳೆತ ನರ ಉಳಿದಿರುತ್ತೆ. ಈ ನೀರು ಅದನ್ನ ಕರಗಿಸುತ್ತೆ. ಮತ್ತೆ ಮತ್ತೆ ತೊಳೀಬೇಕು. ಘಾಟು ಜಾಸ್ತಿ, ನೀವು ಆಚೆ ಕೂತ್ಕೊಳ್ಳಿ.”

“ಪರವಾಗಿಲ್ಲ, ಇಲ್ಲೇ ಇರ್ತೀನಿ.”

“ಆಚೆ ಹೋಗದಿದ್ರೆ ನಾನು ಮುಂದುವರಿಸಲ್ಲ.”

ಹೆಂಗಸು ರಬ್ಬರಿನಡಿಯಿಂದಲೇ ಏನೋ ಕೂಗಿ ಬೇಡವೆಂಬಂತೆ ತಲೆಯಾಡಿಸಿದಳು. ಗಂಡ ಅವಳ ಬೆರಳುಗಳನ್ನು ಬಿಡಿಸಿಕೊಂಡು ನಿಧಾನವಾಗಿ ಹೊರನಡೆದ. ವಿಮಲಾಕ್ಷಿ ಬಾಗಿಲಿಗೆ ಚಿಲಕ ಹಾಕಿ ಬಂದು, ಹಾಳೆ ಬಿಚ್ಚಿ, ದನಿ ತಗ್ಗಿಸಿ ಕೇಳಿದಳು. “ಈಗ ಹೇಳಿ ಅಮ್ಮ, ಹೆದರ್ಬೇಡಿ. ಅವ್ರು ಹೊಡೀತಾರಾ?”

ಹೊರಗೆ ಕುರ್ಚಿಯೊಂದು ಧಡಾರನೆ ಉರುಳಿತು.

ಹೆಂಗಸು ಎದ್ದು ಬಾಗಿಲತ್ತ ಓಡಿದಳು. “ಅವ್ರಲ್ಲ ಡಾಕ್ಟ್ರೇ, ಹೊಡೆಯೋನು ನಮ್ಮ ಮಗ. ಅವ್ನು ಆಚೇನೇ ಕೂತಿದಾನೆ!”