ಗುರುಪಾದಪ್ಪನ ಮೊದಲ ಭೇಟಿ

ರೈಲು ಚಾಲಕ ಗುರುಪಾದಪ್ಪನ ಗಾಡಿಗೆ ಹೆಂಗಸೊಬ್ಬಳು ಸಿಕ್ಕಿ ಸತ್ತು ಎರಡು ತಿಂಗಳಾಗಿತ್ತು. ಆತ್ಮಹತ್ಯೆ ಎಂದು ಪೊಲೀಸರು ಬರೆದುಕೊಂಡಿದ್ದರು. ಅಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಹೆಂಡತಿಯೇ ಒತ್ತಾಯ ಮಾಡಿ ಆಪ್ತಸಮಾಲೋಚಕಿಯ ಬಳಿ ಕಳಿಸಿದಳು.

ಸೂಜಿ, ಮಾತ್ರೆ ಏನೇನು ಕಾದಿದೆಯೋ ಎಂದು ಹೆದರುತ್ತಲೇ ಬಂದಿದ್ದ. ಕೋಣೆಯಲ್ಲಿ ಎರಡು ಕುರ್ಚಿ, ಒಂದು ತಂಬಿಗೆ ನೀರು, ಸಮಾಲೋಚಕಿಯ ಕೈಯಲ್ಲೊಂದು ನೋಟ್‌ಬುಕ್ ಬಿಟ್ಟರೆ ಬೇರೇನೂ ಇರಲಿಲ್ಲ.

“ಇಲ್ಲಿ ನೀವು ಮಾತಾಡ್ತೀರಿ, ನಾನು ಕೇಳ್ತೀನಿ. ಇವತ್ತೇ ಎಲ್ಲಾ ಹೇಳಬೇಕು ಅಂತೇನಿಲ್ಲ,” ಎಂದಳು ಆಕೆ.

“ಹೇಳಿದ್ರ ಎದಿ ಹಗುರಾಗ್ತೈತೇನ್ರೀ?”

“ಕೆಲವರಿಗೆ ಮೊದಮೊದಲು ಇನ್ನೂ ಭಾರ ಅನ್ನಿಸುತ್ತೆ.”

ಅವನು ತಂಬಿಗೆ ಎತ್ತಿ ಎರಡು ಗುಟುಕು ನೀರು ಕುಡಿದ.

“ತಪ್ಪು ನಿಮ್ಮದಲ್ಲ ಅಂತ ಗೊತ್ತಿದ್ರೂ ಮನಸ್ಸು ಒಪ್ತಾ ಇಲ್ಲ, ಅಲ್ವಾ?” ಆಕೆ ಮೆತ್ತಗೆ ಕೇಳಿದಳು.

“ಆಕಿ ಸಾಯಾಕ ಬಂದಿದ್ದಿಲ್ರೀ ಮೇಡಂ.” ಗುರುಪಾದಪ್ಪ ತಂಬಿಗೆ ಕೆಳಗಿಟ್ಟ. “ಕೊಡ ಹೊತ್ಕೊಂಡು ಹಳಿ ದಾಟಾಕತ್ತಿದ್ಲು. ನನಗ ನಿದ್ದಿ ಹತ್ತಿತ್ತು. ಕಣ್ಣು ಬಿಡೂದ್ರಾಗ ಮುಂದ ಇದ್ಲು, ಹಾರ್ನ್ ಹೊಡಿಯಾಕ ಆಗ್ಲಿಲ್ಲ.”

ಬರೆಯುತ್ತಿದ್ದ ಆಕೆಯ ಕೈ ನಿಂತಿತು.

“ಕಾಟ ಕೊಟ್ಟು ಸಾಯೋಹಂಗ ಮಾಡ್ಯಾನಂತ ಆಕಿ ಗಂಡನ್ನ ಜೇಲಿಗೆ ಹಾಕ್ಯಾರ್ರೀ.”