ಎರವಲು ಕಾಲಿಗೆ ಅಳತೆ ಇಲ್ಲ

ಮದುವೆಯೂಟ ಮುಗಿಸಿದ ಶಿವಲೀಲಾ ನೇರವಾಗಿ ದಸ್ತಗೀರನ ಸೈಕಲ್ ಅಂಗಡಿಗೆ ಬಂದಳು. ಚೂಡಿದಾರ ಅವಳದೇ, ಅದರೊಳಗಿನ ಕಾಲು ಮಾತ್ರ ಮೈದುನನ ಹೆಂಡತಿ ಕಸ್ತೂರಿಯವು. ಉದ್ದ ಕಾಲಿಗೆ ಚೂಡಿದಾರ ಚೆಂದ ಕಾಣುತ್ತದೆಂದು ಬೆಳಿಗ್ಗೆ ಅವನ್ನು ಕೇಳಿ ಹಾಕಿಕೊಂಡಿದ್ದಳು. ವಿಜಯಪುರದಲ್ಲಿ ಮದುವೆ ಬಂತೆಂದರೆ ಸರ, ಬಳೆ, ಕಾಲು ಎಲ್ಲವೂ ಕೈ ಬದಲಾಗುವುದೇ.

ಅಂಗಡಿಯ ಗೋಡೆಯ ಮೇಲೆ ‘ಎರವಲು ಕಾಲಿಗೆ ಅಳತೆ ತೆಗೆಯುವುದಿಲ್ಲ’ ಎಂಬ ಹಲಗೆಯಿತ್ತು.

“ಕಾಲು ಸ್ವಂತದವು ಹೌದಲ್ರೀ, ಅಕ್ಕಾರ?” ದಸ್ತಗೀರ ಕೇಳಿದ.

“ಮತ್ಯಾರವು?” ಎಂದು ಶಿವಲೀಲಾ ದಬಾಯಿಸಿದಳು.

ಅವನು ಅಳತೆ ತೆಗೆದು, ಕೆಂಪು ರೋಡ್ ಸೈಕಲ್ಲಿನ ಸೀಟು ಏರಿಸಿದ. ಅವಳು ಹತ್ತಿ ಕೂತಳು. ಪೆಡಲ್ ಕೆಳಗೆ ಹೋದಾಗ ಮೊಣಕಾಲು ಎಷ್ಟು ಬೇಕೋ ಅಷ್ಟೇ ಬಾಗಿತು. ಬೆನ್ನು ಎಳೆಯಲಿಲ್ಲ, ಭುಜ ಬಿಗಿಯಲಿಲ್ಲ. ಇಷ್ಟು ವರ್ಷ ಎಷ್ಟೋ ಸೈಕಲ್ ಹತ್ತಿಳಿದಿದ್ದಳು. ಒಂದೂ ಹೀಗೆ ಒಗ್ಗಿರಲಿಲ್ಲ.

“ಎರಕ ಹೊಯ್ದಂಗ ಕುಂತೈತಿ ನೋಡ್ರಿ,” ಎಂದ ದಸ್ತಗೀರ.

ಹೊಸ ಸೈಕಲ್ ತುಳಿಯುತ್ತ ಓಣಿಗೆ ತಿರುಗಿದರೆ ಕಸ್ತೂರಿ ಬಾಗಿಲಲ್ಲೇ ನಿಂತಿದ್ದಳು, ಶಿವಲೀಲಾಳ ಗಿಡ್ಡ ಕಾಲುಗಳ ಮೇಲೆ.

“ಅಕ್ಕಾ, ಬಂದ್ರೇನ್ರಿ? ನನ್ನ ಕಾಲು ಕೊಡ್ರಿ. ನಿಮ್ಮವು ಮುಂಜಾನಿಂದ ಭಾಳ ನೋಯಾಕತ್ತಾವು.”

ಶಿವಲೀಲಾ ಬ್ರೇಕಿನ ಮೇಲೆ ಬೆರಳಿಟ್ಟಳು. ಆಮೇಲೆ ತೆಗೆದಳು.

“ಒಂದ್ ರೌಂಡ್ ಹೊಡದು ಬರ್ತೀನಿ, ತಡಿಯವಾ!”

“ಅಕ್ಕಾ, ನಿಲ್ರಿ!” ಕಸ್ತೂರಿ ಹಿಂದೆಯೇ ಓಡಿ ಬಂದಳು.

ಶಿವಲೀಲಾ ತಿರುಗಿಯೂ ನೋಡದೆ ಗೇರ್ ಬದಲಿಸಿದಳು. ತನ್ನ ಆ ಮೊಣಕಾಲುಗಳು ಓಣಿಯ ತುದಿಯ ಹಿಟ್ಟಿನ ಗಿರಣಿಯವರೆಗೂ ಓಡಲಾರವು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?